ಅಕ್ಕನ ಡಬ್ಬಿಗಳ ನೆಗ್ಗು

ಕೊಳಕೂರಿನ ಅಕ್ಕನ ಮನೆಯಲ್ಲಿ, ಅಡುಗೆಮನೆಯ ಹೊಸ್ತಿಲಿನ ಈಚೆ, ಬಾಗಿಲಿಗೆ ಬಲಭುಜ ಒರಗಿಸಿ ನಾನು ನಿಂತಿದ್ದೆ. ಹಿಂದಿನ ವರ್ಷದ ಶ್ರಾವಣದ ಕೊನೆಯ ಸೋಮವಾರ, ಮಧ್ಯಾಹ್ನ. ಮಠದ ಅಯ್ಯನವರು ಪ್ರಸಾದಕ್ಕೆ, ಅಂದರೆ ಊಟಕ್ಕೆ, ಕುಳಿತಿದ್ದರು. ಅಂದು ನಡೆದದ್ದನ್ನು ಒಬ್ಬೊಬ್ಬರು ಒಂದೊಂದು ರೀತಿ ಹೇಳುವುದರಿಂದ ನಾನು ಇಷ್ಟನ್ನು ಖಚಿತಪಡಿಸಬೇಕಾಗಿದೆ.

ನನಗೆ ಹಳೆಯ ಚಿತ್ರದ ಡಬ್ಬಿಗಳ ಹುಚ್ಚು. ಆಳಂದದ ನಮ್ಮ ಮನೆಯ ಕಪಾಟಿನಲ್ಲಿ ಚಹಾದವು, ಬಿಸ್ಕಿಟಿನವು ಸಾಲಾಗಿ ನಿಂತಿವೆ. ನೆಗ್ಗಿದ್ದರೆ ಸುತ್ತಿಗೆ ಮುಟ್ಟಿಸಬಾರದು, ಚಿತ್ರದ ಬಣ್ಣ ಉದುರುತ್ತದೆ. ಬಟ್ಟೆಯ ಮೇಲೆ ಮಲಗಿಸಿ, ಒಳಗಿನಿಂದ ಕಟ್ಟಿಗೆಯ ಸೌಟಿನ ಬೆನ್ನಿನಿಂದ ಅಂಚಿನಿಂದ ನಡುವಿಗೆ ಒತ್ತುತ್ತ ಬರಬೇಕು. "ನನ್ನ ಕೂಡ ಮಾತಾಡೂವಾಗ ಈ ತಾಳ್ಮಿ ಎಲ್ಲಿ ಹೋಗಿರ್ತದ್ರಿ?" ಎಂದು ಹೆಂಡತಿ ಕೇಳುವುದುಂಟು.

ಅಕ್ಕನ ಬಳಿ ಅವ್ವ ಕೊಟ್ಟ ಎರಡು ಡಬ್ಬಿಗಳಿದ್ದವು. ಎರಡರ ಮೇಲೂ ಒಂದೇ ನವಿಲು. ಒಂದರ ಹೊಟ್ಟೆಯಲ್ಲಿ ಒಂದು ನೆಗ್ಗು, ಇನ್ನೊಂದರಲ್ಲಿ ಎರಡು. ಅಂಥ ಡಬ್ಬಿಗಳು ನೆಗ್ಗಿದ್ದನ್ನು ನನ್ನಿಂದ ನೋಡಲಾಗಲಿಲ್ಲ. ಆ ಬೆಳಿಗ್ಗೆ ಅಕ್ಕ ಗುಡಿಗೆ ಹೋದಾಗ ಅವುಗಳಲ್ಲಿದ್ದ ಉಪ್ಪು, ಸಕ್ಕರೆಗಳನ್ನು ಪೇಪರಿನ ಮೇಲೆ ಸುರುವಿ, ನೆಗ್ಗುಗಳನ್ನೆಲ್ಲ ತೆಗೆದು, ಮತ್ತೆ ತುಂಬಿ, ಹಲಗೆಯ ಮೇಲೆ ಇಟ್ಟೆ. ಯಾವುದು ಯಾವ ಕಡೆ ಇತ್ತೆಂದು ನೋಡಿಕೊಂಡಿರಲಿಲ್ಲ.

ಆ ಮನೆಯಲ್ಲಿ ಅಯ್ಯನವರು ಉಣ್ಣುವ ಮೊದಲು ಅಡುಗೆಯ ರುಚಿ ನೋಡುವ ಪದ್ಧತಿ ಇಲ್ಲ. ಬಡಿಸಿದ ಪ್ರಸಾದವನ್ನು ಬಿಡುವ ಪದ್ಧತಿಯೂ ಇಲ್ಲ. ಅಯ್ಯನವರು ಶಿರಾದ ಮೊದಲ ತುತ್ತಿಗೇ ಕಣ್ಣು ಮುಚ್ಚಿದರು. ಭಕ್ತಿ ಎಂದುಕೊಂಡೆ. ಪಕ್ಕದಲ್ಲಿ ಕುಳಿತಿದ್ದ ಅಕ್ಕನ ಗಂಡ, ನಮ್ಮ ಮಾಮಾ, ತಾವೂ ಒಂದು ತುತ್ತು ಬಾಯಿಗಿಟ್ಟು ಕೂಗಿದರು: "ಏನಬೇ, ಶಿರಾ ಮಾಡೀಯೋ, ಉಪ್ಪಿನಕಾಯಿ ಹಾಕೀಯೋ?"

"ಪ್ರಸಾದ ಬಿಡಬಾರ್ದರಿ," ಎಂದರು ಅಯ್ಯನವರು, ನುಂಗುತ್ತ. "ನೀರಿನ ತಂಬಗಿ ಮಾತ್ರ ಜರಾ ಈ ಕಡೆ ಸರಸ್ರಿ."

ಅಕ್ಕ ಹಲಗೆಯ ಮೇಲಿನ ಎರಡೂ ಡಬ್ಬಿಗಳನ್ನು ಇಳಿಸಿ ಹೊಟ್ಟೆ ಸವರಿದಳು. ತಿರುಗಿಸಿ ತಿರುಗಿಸಿ ಸವರಿದಳು. "ನನ್ನ ಡಬ್ಬಿ ಎಲ್ಲಿ ಹೋದ್ವು?" ಎಂದಳು.

"ಅವೇ ಅಕ್ಕಾ! ನೆಗ್ಗು ತೆಗದೇನಿ. ನೋಡು, ಹೊಸಾವಾದಂಗ ಆಗ್ಯಾವ," ಎಂದೆ. ಹೊಗಳಿಕೆಗಾಗಿ ಕಾದೂ ನಿಂತೆ.

"ಅವನ್ನ ನಾನೇ ಒಳ್ಳಕಲ್ಲಿಗೆ ಬಡದು ಮಾಡಿದ್ನೋ ತಮ್ಮಾ. ಉಪ್ಪಿಗೊಂದು, ಸಕ್ಕರಿಗೆ ಎರಡು. ಇವತ್ತ ಗಡಿಬಿಡ್ಯಾಗ ಸವರಿ ನೋಡ್ಲಿಲ್ಲ, ದಿನಾ ಇಡೂ ಜಾಗದಾಗಿಂದ ತಗೊಂಡ್ನಿ."

ಬಡಿಸುತ್ತಿದ್ದ ಶರಣಮ್ಮ, ಅಕ್ಕನ ಸೊಸೆ, ಸೌಟು ಕೆಳಗಿಟ್ಟಳು. "ಅತ್ತೀ, ನಿಮಗ ಕಣ್ಣ ಕಾಣಂಗಿಲ್ಲೇನ್ರಿ?"

"ನೆರಳು ಕಾಣ್ತಾವವಾ. ಅಡಗಿಗೆ ಅಷ್ಟು ಸಾಕಾಗಿತ್ತು. ಹೇಳಿದ್ರ ಒಲಿ ಮುಂದಿಂದ ಎಬ್ಬಸ್ತಿದ್ರಿ."

ಹಾಗೆಯೇ ಆಯಿತು. "ಸಾಕ್ರಿ ಅತ್ತಿ, ಇನ್ನ ಆರಾಮ ಕುಂದರ್ರಿ," ಎಂದು ಸೊಸೆ ಬಹಳ ಪ್ರೀತಿಯಿಂದಲೇ ಅವಳ ಕೈಹಿಡಿದು ಪಡಸಾಲೆಯ ಹೊರಸಿನ ಮೇಲೆ ಕೂರಿಸಿದಳು. ಕಣ್ಣಿನ ನರ ಒಣಗಿದೆ, ಮಾಡುವಂಥದ್ದೇನಿಲ್ಲ ಎಂದು ಆಮೇಲೆ ಕಲಬುರಗಿಯ ಡಾಕ್ಟರು ಹೇಳಿದರು. ಅಕ್ಕ ಇನ್ನೂ ಅದೇ ಹೊರಸಿನ ಮೇಲಿದ್ದಾಳೆ, ಯಾರಾದರೂ ತಾಟು ತಂದಿಟ್ಟಾಗ ಉಣ್ಣುತ್ತಾಳೆ. ನಾನು ಬಂದದ್ದರಿಂದ ವಿಷಯ ಗೊತ್ತಾಯಿತೆಂದು ಬೀಗರೆಲ್ಲ ನನ್ನನ್ನು ಹೊಗಳುತ್ತಾರೆ.

ಅಂದು ಅದನ್ನು ಕಂಡವರಲ್ಲಿ ಮಾಮಾ ತೀರಿಕೊಂಡರು. ಅಯ್ಯನವರಿದ್ದಾರೆ, ಶರಣಮ್ಮ ಇದ್ದಾಳೆ. ಮೂರನೆಯವನು ನಾನು, ಡಬ್ಬಿಯ ನೆಗ್ಗು ಮಾತ್ರ ಕಂಡವನು; ಈಗಲೂ ಕನ್ನಡಕವಿಲ್ಲದೆ ಪೇಪರ್ ಓದುತ್ತೇನೆ.