ಪೂಜೆ ಮಾಡಿಸಿಕೊಂಡ ಗೊಬ್ಬರದ ಡ್ರಮ್ಮು

ಊರಿನವರಿಗೆ ಏನಾದರೂ ಕಲಿಸೋಣ ಅಂತ ನಾನು ಹೊರಟಾಗಲೆಲ್ಲ ಒಂದಲ್ಲ ಒಂದು ಎಡವಟ್ಟು ಆಗಿಯೇ ಆಗುತ್ತದೆ. ಮೊದಮೊದಲು ಸಿಟ್ಟು ಬರುತ್ತಿತ್ತು. ಈಗ ಯಾವುದಾದರೂ ಭಾನುವಾರ ಎಲ್ಲ ಸರಿಯಾಗಿ ನಡೆದುಬಿಟ್ಟರೆ ಎದೆ ಢವಗುಟ್ಟುತ್ತದೆ.

ಹೈಸ್ಕೂಲಿನಲ್ಲಿ ಮೂವತ್ತು ವರ್ಷ ವಿಜ್ಞಾನ ಹೇಳಿಕೊಟ್ಟು ರಿಟೈರಾದವಳು ನಾನು. ಮನೆಯಲ್ಲಿ ಸುಮ್ಮನೆ ಕೂರಲಾರದೆ ಅರಸೀಕೆರೆಯಲ್ಲಿ ಭಾನುವಾರದ ತರಗತಿ ಶುರುಮಾಡಿದೆ. ಅಡುಗೆಮನೆ ಕಸದಿಂದ ಗೊಬ್ಬರ ಮಾಡುವುದು, ಪ್ಲಾಸ್ಟಿಕ್ ಇಲ್ಲದೆ ಸಂತೆ ಮಾಡುವುದು, ತಾರಸಿಯ ಮೇಲೆ ಸೊಪ್ಪು ಬೆಳೆಯುವುದು, ಇಂಥವು. ಜಾಗ ಕೊಟ್ಟವರು ಒಬ್ಬ ಕೊಬ್ಬರಿ ಮಂಡಿ ಯಜಮಾನರು. ಮಂಡಿಯ ಮಹಡಿ ಮೇಲಿನ ದೊಡ್ಡ ಹಾಲನ್ನು ಬಾಡಿಗೆಯಿಲ್ಲದೆ ಬಿಟ್ಟುಕೊಟ್ಟು ಒಂದೇ ಒಂದು ಮಾತು ಹೇಳಿದ್ದರು. ಗೌರಿ ಹಬ್ಬದೊಳಗೆ ಒಂದು ಮೂಟೆ ಗೊಬ್ಬರ ಕಣ್ಣಿಗೆ ಕಾಣಬೇಕು, ಇಲ್ಲವಾದರೆ ಹಾಲು ಟ್ಯೂಷನ್ನಿನವರಿಗೆ ಹೋಗುತ್ತದೆ. ನನಗೆ ಆ ಹಾಲು ಬಿಟ್ಟರೆ ಊರಲ್ಲಿ ಬೇರೆ ಗತಿಯಿರಲಿಲ್ಲ.

ಉದ್ಘಾಟನೆ

ಮುಂಗಾರು ಶುರುವಾಗುವ ಹೊತ್ತಿಗೆ ತೂತು ಕೊರೆಸಿದ ದೊಡ್ಡ ನೀಲಿ ಡ್ರಮ್ಮೊಂದನ್ನು ಹಾಲಿನ ಮೂಲೆಯಲ್ಲಿ ಇಡಿಸಿದೆ. ಮುಚ್ಚಳ ತೆಗೆದು ಒಂದು ಹಿಡಿ ತರಕಾರಿ ಸಿಪ್ಪೆ ಹಾಕಿದರೆ ಉದ್ಘಾಟನೆ ಮುಗಿಯಿತು ಅಂತ ನನ್ನ ಲೆಕ್ಕ. ಯಜಮಾನರ ಹೆಂಡತಿಗೆ ಅದು ಸರಿಬರಲಿಲ್ಲ. ಹೊಸ ಸ್ಕೂಟರಿಗೇ ಪೂಜೆ ಮಾಡುತ್ತೇವೆ, ಇಷ್ಟು ಒಳ್ಳೆ ಕೆಲಸಕ್ಕೆ ಬೇಡವೇ ಅಂದರು. ನಾನು ಉಪ್ಪಿಟ್ಟಿನ ಉಸ್ತುವಾರಿಗೆ ಕೆಳಗಿಳಿದು ಬರುವುದರೊಳಗೆ ಡ್ರಮ್ಮಿಗೆ ಅರಿಶಿನ, ಕುಂಕುಮ, ಮೂರು ಬೆರಳಿನ ವಿಭೂತಿ, ಎರಡು ಮೊಳ ಸೇವಂತಿಗೆ ಎಲ್ಲ ಆಗಿ, ಮಂಗಳಾರತಿಯೂ ಎದ್ದಿತ್ತು.

ಮುಂದಿನ ಭಾನುವಾರ ಹೇಳಿದ್ದಂತೆ ಎಲ್ಲರೂ ಕಸ ತಂದರು. ಡ್ರಮ್ಮಿನ ಸುತ್ತ ಬಕೆಟ್‌ಗಳ ಸಾಲು ನಿಂತಿತು. ಯಾರೂ ಒಳಗೆ ಹಾಕಲಿಲ್ಲ. ಚಪ್ಪಲಿ ಬಾಗಿಲಲ್ಲೇ ಬಿಟ್ಟು ಬಂದು, ಡ್ರಮ್ಮಿಗೆ ಕೈಮುಗಿದು, ಕಸವನ್ನು ವಾಪಸ್ ಮನೆಗೆ ತೆಗೆದುಕೊಂಡು ಹೋದರು. ಪೂಜೆ ಮಾಡಿದ್ದಕ್ಕೆ ಎಂಜಲು ಮುಸುರೆ ಸುರಿಯುವುದು ಹೇಗೆ ಅನ್ನುವುದು ಅವರ ಕಷ್ಟ.

ನಾನೂ ಬಿಡುವವಳಲ್ಲ. ದೇವಸ್ಥಾನದ ಅರ್ಚಕರನ್ನು ಕರೆತಂದು, ಹೇಗೆ ಕೂರಿಸಿದರೋ ಹಾಗೇ ಕಳಿಸಿಕೊಡಿ, ವಿಸರ್ಜನೆ ಮಾಡಿಬಿಡಿ ಅಂದೆ. ಅವರು ಡ್ರಮ್ಮನ್ನು ಒಂದು ಸುತ್ತು ಹಾಕಿ ನೋಡಿ, ಯಜಮಾನರ ಹೆಂಡತಿಯನ್ನು ಪಕ್ಕಕ್ಕೆ ಕರೆದು ಏನೋ ಕೇಳಿ, ತಲೆಯಾಡಿಸುತ್ತ ಬಂದರು.

"ಕಳಿಸೋದೇನು ದೊಡ್ಡದಲ್ಲ ಮೇಡಂ. ಆದ್ರೆ ಕರೆಸಿದ್ದು ಯಾವ ದೇವರನ್ನ ಅಂತ ಯಾರಿಗೂ ಗೊತ್ತಿಲ್ವಂತಲ್ಲ."

ಚೀಲ

ಇದರ ನಡುವೆ ಬಟ್ಟೆ ಚೀಲದ ಪಾಠ. ಹಳೇ ಪಂಚೆಗಳಲ್ಲಿ ಬೆಳ್ಳಗಿನ ಚೀಲ ಹೊಲಿಸಿ, ಅಂಚಿಗೆ ಕೆಂಪು ದಾರದ ಕಸೂತಿ ಹಾಕಿಸಿ ಎಲ್ಲರಿಗೂ ಒಂದೊಂದು ಹಂಚಿದೆ. ಇನ್ನು ಸಂತೆಗೆ ಹೋಗುವಾಗ ಇದು ಜೊತೆಗಿರಲೇಬೇಕು ಅಂತ ಕೈಮೇಲೆ ಕೈಹಾಕಿಸಿ ಮಾತೂ ತೆಗೆದುಕೊಂಡೆ.

ತಿಂಗಳು ಬಿಟ್ಟು ಸಂತೆಯಲ್ಲಿ ನಮ್ಮ ತರಗತಿಯ ಮುಂದಿನ ಸಾಲಿನಲ್ಲಿ ಕೂರುವ ಹೆಂಗಸು ಸಿಕ್ಕರು. ಎರಡೂ ಕೈಯಲ್ಲಿ ಪ್ಲಾಸ್ಟಿಕ್ ಕವರು, ಒಂದರಲ್ಲಿ ಆಲೂಗಡ್ಡೆ, ಇನ್ನೊಂದರಲ್ಲಿ ಬೀನ್ಸು. ನನ್ನನ್ನು ಕಂಡು ಮುಖ ತಪ್ಪಿಸಿಕೊಳ್ಳುತ್ತಾರೆ ಅಂದುಕೊಂಡರೆ ನಗುನಗುತ್ತ ಬಂದು, ಕಂಕುಳಿಂದ ಮೂರನೇ ಕವರು ತೆಗೆದು ಬಿಚ್ಚಿ ತೋರಿಸಿದರು. ಒಳಗೆ ನಾನು ಕೊಟ್ಟ ಚೀಲ, ಇಸ್ತ್ರಿ ಮಾಡಿ ಮಡಿಸಿದ್ದು. ಮಾತು ಕೊಟ್ಟಮೇಲೆ ಮರೆಯುತ್ತೇನೆಯೇ, ದಿನಾ ತರುತ್ತೇನೆ ಅಂದರು. ಹಾಗಾದರೆ ಆಲೂಗಡ್ಡೆ ಅದಕ್ಕೆ ಯಾಕೆ ಹಾಕಲಿಲ್ಲ ಅಂತ ನಾನು ಸ್ವಲ್ಪ ಗಡುಸಾಗಿಯೇ ಕೇಳಿದೆ.

"ಇಷ್ಟು ಬೆಳ್ಳಗಿರೋ ಚೀಲಕ್ಕೆ ಮಣ್ಣು ಮೆತ್ತಿದ ಆಲೂಗಡ್ಡೆ ಹಾಕೋಕೆ ನಿಮಗಾದ್ರೂ ಮನಸ್ಸು ಬರುತ್ತಾ ಮೇಡಂ?"

ಲೋಟ

ಕಾರ್ಯಕ್ರಮಗಳಲ್ಲಿ ಪೇಪರ್ ಲೋಟ ತಪ್ಪಿಸಲು ಮನೆಗೊಂದರಂತೆ ನೂರು ಮನೆಯಿಂದ ನೂರು ಸ್ಟೀಲ್ ಲೋಟ ಕೂಡಿಸಿದೆ. ಬೇಕಾದವರು ಒಯ್ದು, ತೊಳೆದು ತಂದುಕೊಡಬೇಕು, ಅಷ್ಟೇ. ಮೊದಲು ಒಯ್ದವರು ಹಳೇಬೀಡಿನಲ್ಲಿ ಮಗಳ ನಿಶ್ಚಿತಾರ್ಥ ಇಟ್ಟುಕೊಂಡಿದ್ದ ಒಬ್ಬ ತಾಯಿ. ಭಾನುವಾರ ನಾನು ಬರುವಷ್ಟರಲ್ಲಿ ನೂರೂ ಲೋಟ ಫಳಫಳ ತೊಳೆದು ಜಮಖಾನೆಯ ಮೇಲೆ ಜೋಡಿಸಿಟ್ಟಿದ್ದರು. ಸಂತೋಷವಾಗಿ ಬಗ್ಗಿ ನೋಡಿದರೆ ಒಂದೊಂದರಲ್ಲೂ ಒಂದೊಂದು ಚಮಚ ಸಕ್ಕರೆ. ಮಹಡಿಯ ಇರುವೆಗಳೆಲ್ಲ ಆಗಲೇ ಸಭೆ ಸೇರಿದ್ದವು.

ನಮ್ಮ ಕಡೆ ಯಾರ ಮನೆಯ ಪಾತ್ರೆಯನ್ನೂ ಬರಿದಾಗಿ ವಾಪಸ್ ಕೊಡುವುದಿಲ್ಲ, ಅದು ನನಗೂ ಗೊತ್ತು. ಆದರೂ ಶಾಸ್ತ್ರಕ್ಕೆ ಒಂದು ಲೋಟದಲ್ಲಿ ಹಾಕಿದ್ದರೆ ಸಾಕಿತ್ತಲ್ಲ ಅಂದೆ.

"ನೂರೂ ಬೇರೆ ಬೇರೆ ಮನೇದು ಅಂತ ನೀವೇ ಹೇಳಿದ್ರಲ್ಲ ಮೇಡಂ. ಯಾರ ಮನೇದು ಬರಿದು ಕಳಿಸಲಿ, ಹೇಳಿ?"

ಸಕ್ಕರೆಯನ್ನೆಲ್ಲ ಒಂದು ಡಬ್ಬಕ್ಕೆ ಸುರಿದು ಮೇಲಿಟ್ಟೆ.

ಹಗರೆಯ ರೈತರು

ಶ್ರಾವಣ ಬಂತು. ಗೊಬ್ಬರದ ಸುಳಿವಿಲ್ಲ. ಟ್ಯೂಷನ್ನಿನವರು ಆಗಲೇ ಬಂದು ಕಪ್ಪು ಹಲಗೆ ಎಲ್ಲಿ ತೂಗುಹಾಕಬೇಕು ಅಂತ ಗೋಡೆ ಅಳೆದುಕೊಂಡು ಹೋದರು. ನನಗೆ ಅಳುವೇ ಬರುವಂತಾಗಿ, ಬೇಸಾಯದ ಪಾಠಕ್ಕೆ ಅಂತ ಹಗರೆಯಿಂದ ಕರೆಸಿದ್ದ ಒಬ್ಬ ಹಿರಿಯ ರೈತರ ಮುಂದೆ ಎಲ್ಲ ಹೇಳಿಕೊಂಡೆ. ಅವರು ಎದ್ದುಹೋಗಿ ಡ್ರಮ್ಮಿನ ಮುಚ್ಚಳ ತೆಗೆದರು. ನಾನು ಬೇಸರಕ್ಕೆ ಅದರ ಕಡೆ ತಿರುಗಿಯೂ ನೋಡಿರಲಿಲ್ಲ. ಡ್ರಮ್ಮು ಕಂಠಮಟ್ಟ ತುಂಬಿತ್ತು.

ಆಗಿದ್ದಿಷ್ಟೇ. ದೇವರಿಗೆ ಏರಿಸಿ ಬಾಡಿದ ಹೂವನ್ನು ಜನ ತುಳಿಯುವ ಕಡೆ ಹಾಕುವಂತಿಲ್ಲ. ಮಂಡಿಯ ಮೇಲೆ ದೇವರಂಥ ಡ್ರಮ್ಮೇ ಇರುವಾಗ ಬೇರೆ ಜಾಗ ಯಾಕೆ ಅಂತ ಬೀದಿಯವರೆಲ್ಲ ಹೂವು, ಪತ್ರೆ, ನೈವೇದ್ಯಕ್ಕಿಟ್ಟ ಬಾಳೆಹಣ್ಣು, ತೆಂಗಿನ ಜುಟ್ಟು ತಂದು ತುಂಬಿದ್ದರು.

"ಎಲ್ಲಾ ಐತಲ್ಲ ಮೇಡಂ ಇದ್ರಾಗೆ. ಇನ್ನೊಂದೀಟು ಸಗಣಿ, ಹುಳಿ ಮಜ್ಜಿಗೆ, ಸಿಹಿ ಬಿದ್ರೆ ಆತು" ಅಂದರು ರೈತರು.

ಇದಕ್ಕೆ ಸಗಣಿ ಸುರಿಯಲು ಇವರು ಬಿಡಬೇಕಲ್ಲ ಅಂದೆ. ಅವರು ನನ್ನನ್ನು ಪಾಪ ಅನ್ನುವಂತೆ ನೋಡಿದರು.

"ಸಗಣಿ ಅಂತ ಯಾಕಂತೀರಿ? ಅಭಿಷೇಕ ಅನ್ನಿ."

ಮೂವತ್ತು ವರ್ಷದ ವಿಜ್ಞಾನವನ್ನು ನುಂಗಿಕೊಂಡು ಅಭಿಷೇಕ ಅಂತಲೇ ಅಂದೆ. ಮರುವಾರ ಚೊಂಬುಗಳ ಕ್ಯೂ ಬಾಗಿಲು ದಾಟಿ ಮೆಟ್ಟಿಲವರೆಗೆ ಬಂತು. ಡಬ್ಬದಲ್ಲಿದ್ದ ಸಕ್ಕರೆಯೂ ಸಂದಿತು. ಹಿಂದೆ ನನ್ನ ಸಗಣಿ ಪಾಠಕ್ಕೆ ಮೂಗು ಮುಚ್ಚಿಕೊಂಡು ಎದ್ದುಹೋಗಿದ್ದ ಅತ್ತೆಯೊಬ್ಬರು ಎರಡು ಚೊಂಬು ತಂದಿದ್ದರು. ಒಂದು ತಮ್ಮದು, ಇನ್ನೊಂದು ಬಸುರಿ ಸೊಸೆಯ ಹೆಸರಿನಲ್ಲಿ.

ಹಬ್ಬದ ಹಿಂದಿನ ಭಾನುವಾರ

ವಾರವಾರವೂ ಪ್ರದಕ್ಷಿಣೆಯ ನೆಪದಲ್ಲಿ ಡ್ರಮ್ಮನ್ನು ಕೋಲಿನಿಂದ ಕಲಕಿಸಿದೆ. ಗಡುವಿನ ದಿನ ಡ್ರಮ್ಮಿನ ಬುಡದಲ್ಲಿ ಕೊರೆಸಿದ್ದ ಪುಟ್ಟ ಬಾಗಿಲು ತೆಗೆದೆ. ಕಪ್ಪಗೆ, ಪುಡಿಪುಡಿಯಾಗಿ, ಮೊದಲ ಮಳೆ ಬಿದ್ದ ನೆಲದ ವಾಸನೆಯ ಗೊಬ್ಬರ ಉದುರಿತು. ಒಂದಲ್ಲ, ಎರಡು ಮೂಟೆಗಾಗುವಷ್ಟು. ನನ್ನ ಕಣ್ಣಲ್ಲಿ ನೀರೇ ಬಂತು.

ಖಾಲಿ ಚೀಲ ತರಲು ಕೆಳಗೆ ಮಂಡಿಗೆ ಇಳಿದೆ. ಡ್ರಮ್ಮನ್ನು ಬಿಟ್ಟು ಕೆಳಗಿಳಿಯಬಾರದು ಅಂತ ಉದ್ಘಾಟನೆಯ ದಿನವೇ ಕಲಿತಿರಬೇಕಿತ್ತು. ವಾಪಸ್ ಬರುವುದರೊಳಗೆ ಯಜಮಾನರ ಹೆಂಡತಿ ಗೊಬ್ಬರವನ್ನು ಹರಿವಾಣಕ್ಕೆ ತುಂಬಿಕೊಂಡು, ವೀಳ್ಯದೆಲೆಯ ಮೇಲೆ ಚಿಟಿಕೆ ಚಿಟಿಕೆ ಹಂಚುತ್ತಿದ್ದರು. ಜನ ಕಣ್ಣಿಗೊತ್ತಿಕೊಂಡು, ತುಳಸಿ ಕಟ್ಟೆಗೆ ಹಾಕುತ್ತೇವೆ ಅಂತ ಮಡಿಸಿ ಸೆರಗಿಗೆ ಕಟ್ಟಿಕೊಳ್ಳುತ್ತಿದ್ದರು.

ಆ ಹೊತ್ತಿಗೆ ಯಜಮಾನರು ಕೊಬ್ಬರಿ ಹರಾಜು ಮುಗಿಸಿ ಬೆವರೊರೆಸಿಕೊಳ್ಳುತ್ತ ಮೆಟ್ಟಿಲು ಹತ್ತಿ ಬಂದರು. ಹೆಂಡತಿ ಅವರ ಕೈಗೂ ಒಂದು ಎಲೆ ಇಟ್ಟರು. ನಾನು ಬಾಗಿಲಿನಿಂದಲೇ ಬೇಡ ಬೇಡ ಅಂತ ಕೈಯಾಡಿಸಿದೆ. ನಾನು ನಮಸ್ಕಾರ ಮಾಡುತ್ತಿದ್ದೇನೆ ಅಂದುಕೊಂಡು ಅವರೂ ತಲೆಬಾಗಿ, ಎಲೆಯನ್ನು ಎರಡು ಕಣ್ಣಿಗೂ ಒತ್ತಿಕೊಂಡು, ಅದರಲ್ಲಿದ್ದದ್ದನ್ನು ಬಾಯಿಗೆ ಹಾಕಿಕೊಂಡರು.

ನನ್ನ ತರಗತಿಯ ಕಥೆ ಮುಗಿಯಿತು ಅಂದುಕೊಂಡೆ. ಯಜಮಾನರು ಕಣ್ಣು ಮುಚ್ಚಿ ನಿಧಾನವಾಗಿ ಅಗಿದು, ನುಂಗಿ, ಹೆಗಲ ಟವೆಲಿನಲ್ಲಿ ಬಾಯಿ ಒರೆಸಿಕೊಂಡರು.

"ಎಳ್ಳು ಚಿಗಳಿಗೆ ಬೆಲ್ಲ ಸ್ವಲ್ಪ ಕಮ್ಮಿಯಾಗಿದೆ ಮೇಡಂ. ಇರಲಿ, ಗೊಬ್ಬರ ಎಲ್ಲಿ ತೋರಿಸಿ."