ಹಡಗು ಹತ್ತಿದ ಟವೆಲ್

ನಮ್ಮ ಚಿಗವ್ವ ಹಡಗು ಹತ್ತಿದ್ದು ಸಮುದ್ರ ನೋಡಲಿಕ್ಕೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಆಕೆ ಹತ್ತಿದ್ದು ಕೂಡಲಿಕ್ಕೆ. ರಾಯಚೂರಿನ ಮನೆಯಲ್ಲಿ ಕೂಡಲು ಕುರ್ಚಿ ಇರಲಿಲ್ಲವೇ? ಇದ್ದವು. ನಿವೃತ್ತಿಯ ದಿನ ಶಾಲೆಯವರು ಕೊಟ್ಟ ತೂಗುಕುರ್ಚಿಯೂ ಇತ್ತು; ಅದರಲ್ಲಿ ಇಸ್ತ್ರಿಯಾಗದ ಬಟ್ಟೆಗಳು ಆರಾಮಾಗಿ ಕೂತಿರುತ್ತಿದ್ದವು. ಆದರೆ ಯಾರದೋ ಮೊಬೈಲಿನಲ್ಲಿ ಹಡಗಿನ ಡೆಕ್ಕಿನ ಚಿತ್ರ ಕಂಡಂದಿನಿಂದ ಚಿಗವ್ವನಿಗೆ ಒಂದೇ ಹಟ. ಕಂಬಿಯ ಪಕ್ಕ ನೀರಿಗೆ ಮುಖ ಮಾಡಿದ್ದ ನೀಲಿ ಕುರ್ಚಿಯ ಮೇಲೆ ಬೆರಳಿಟ್ಟು, "ಇಲ್ಲಿ ಕುಂದ್ರಬೇಕು ಬೇ ನಾನು" ಎಂದಳು.

ದೇವದುರ್ಗದ ಸುತ್ತಲಿನ ಹಳ್ಳಿಗಳ ಮಕ್ಕಳಿಗೆ ಅಕ್ಷರ ಕಲಿಸುತ್ತ ಇಡೀ ನೌಕರಿ ಕಳೆದವಳು ಈಕೆ. ಮಗ್ಗಿ ಬರುವ ತನಕ ಮಕ್ಕಳನ್ನು ಮನೆಗೆ ಬಿಟ್ಟವಳಲ್ಲ, ಇನ್ನು ಹಡಗನ್ನು ಬಿಟ್ಟಾಳೆಯೇ? ಜೊತೆಗೆ ಹೋಗಲು ನಾನು ಸಿಕ್ಕೆ. ಕಾಲೇಜಿನಲ್ಲಿ ಪಾಠ ಹೇಳುವ ನನಗೆ ರಜೆ ಇತ್ತು, ಒಲ್ಲೆ ಎನ್ನುವ ಧೈರ್ಯ ಇರಲಿಲ್ಲ.

ಹಡಗಿನವರು ಉಡುಪಿನ ಸೂಚನೆ ಕಳಿಸಿದರು. ಒಂದು ಸಂಜೆ ಎಲ್ಲರೂ ಬಿಳಿ ಬಟ್ಟೆ ತೊಡಬೇಕು, ಜಾರದ ಬೂಟು ಬೇಕು, ಎ.ಸಿ. ಚಳಿಗೆ ಸ್ವೆಟರ್ ಇರಲಿ, ಈಜುವವರಿಗೆ ಈಜುಡುಗೆ. ಇದು ಬಂದದ್ದೇ ತಡ, ನಮ್ಮ ಬಳಗದಲ್ಲಿ ಸಮುದ್ರ ಕಾಣದವರೆಲ್ಲ ಪಂಡಿತರಾದರು. ಒಮ್ಮೆ ಗೋವಾಕ್ಕೆ ಹೋಗಿ ಬಂದಿದ್ದ ಪಕ್ಕದ ಮನೆಯಾಕೆ, "ಸಮುದ್ರದ ಗಾಳಿಗೆ ಸೀರಿ ನಿಲ್ಲಂಗಿಲ್ರೀ ಟೀಚರ್, ಪ್ಯಾಂಟ್ ಹಾಕ್ರಿ" ಎಂದಳು. ಮಾನ್ವಿಯಿಂದ ನನ್ನವ್ವ ತಂಗಿಗೆ ಫೋನ್ ಮಾಡಿ, "ವಾಂತಿ ಆಕ್ಕಾವಂತ, ನೈಟಿ ಇಟ್ಕೊ. ಖುಷಿಲೆ ಹೋಗೋವಾಗ ಬಿಳಿ ಸೀರಿ ಮಾತ್ರ ಉಡಬ್ಯಾಡ" ಎಂದಳು.

"ಬುದ್ಧ ಪೂರ್ಣಿಮಿಗೆ ಉಡೋ ಸೀರಿ ಅದ ಅಕ್ಕಾ. ಅದಕ್ಕಿಂತ ಖುಷಿದು ಮತ್ಯಾವುದದ?" ಎಂದು ಚಿಗವ್ವ ಫೋನಿಟ್ಟಳು.

ಗಾಳಿಯ ಪ್ರಶ್ನೆಯನ್ನು ಮಾತ್ರ ಆಕೆ ಪ್ರಯೋಗ ಮಾಡಿಯೇ ಬಗೆಹರಿಸಿದಳು. ರಾಯಚೂರಿಗೆ ಸಮುದ್ರವನ್ನು ಎಲ್ಲಿಂದ ತರುವುದು? ಕೂಲರ್ ಇದೆಯಲ್ಲ! ನಮ್ಮೂರಿನ ಬೇಸಿಗೆಗೆ ಅಂಜಿ ಕೊಂಡಿದ್ದ ಎದೆಯೆತ್ತರದ ಕೂಲರಿಗೆ ನೀರು ತುಂಬಿ, ಜೋರಾಗಿ ತಿರುಗಲು ಬಿಟ್ಟು, ಬಿಳಿ ಸೀರೆ ಉಟ್ಟು, ಶಾಲೆಯಲ್ಲಿ ಡ್ರಿಲ್ ಮಾಡಿಸುವಾಗ ಹಾಕುತ್ತಿದ್ದ ಕ್ಯಾನ್ವಾಸ್ ಬೂಟು ಏರಿಸಿ ಎದುರಿಗೆ ನಿಂತಳು. ಗಾಳಿಯೂ ಬಂತು, ಹನಿಯೂ ಬಂತು. ಸಾಲದೆಂದು ಮಂಚ ಹತ್ತಿ ನಿಂತು, ಅಲೆ ಬಂದ ಹಾಗೆ ಅದನ್ನು ಅಲ್ಲಾಡಿಸಲು ನನಗೆ ಹೇಳಿದಳು. ಸೆರಗು ಕದಲಲಿಲ್ಲ, ಮಂಚದ ಕಾಲು ಮುರಿಯಿತು. "ಸೀರಿ ಪಾಸು" ಎಂದು ಕೆಳಗಿಳಿದಳು.

ಪೆಟ್ಟಿಗೆಗೆ ಸ್ವೆಟರ್ ಹೋಯಿತು, ಶೇಂಗಾ ಹಿಂಡಿ, ಕಟಕ ರೊಟ್ಟಿ ಹೋದವು. ಎಲ್ಲದರ ಮೇಲೆ ಒಂದು ಕೆಂಪು ಚೌಕಳಿ ಟವೆಲ್.

"ಟವೆಲ್ ಅವರೇ ಕೊಡ್ತಾರ ಚಿಗವ್ವಾ."

"ಮೈ ಒರಸಾಕಲ್ಲ ಬೇ. ಸೀಟ್ ಹಿಡಿಯಾಕ."

ನಮ್ಮ ಕಡೆಯ ಬಸ್ಸು ಹತ್ತದವರಿಗೆ ಇದನ್ನು ಬಿಡಿಸಿ ಹೇಳಬೇಕು. ಬಸ್ಸು ಬಂದು ನಿಲ್ಲುವ ಮೊದಲೇ ಅದರ ಜೊತೆ ಓಡಿ, ಕಿಟಕಿಯಿಂದ ಟವೆಲ್ ಒಳಗೆ ಎಸೆಯಬೇಕು. ಟವೆಲ್ ಬಿದ್ದ ಸೀಟು ಟವೆಲ್ಲಿನ ಒಡೆಯನದು. ಮೊದಲು ಹತ್ತಿದವನು ಕೂಡ ಅದನ್ನು ನೋಡಿ, ನಿಟ್ಟುಸಿರು ಬಿಟ್ಟು, ಮೇಲಿನ ಕಂಬಿ ಹಿಡಿದು ನಿಲ್ಲುತ್ತಾನೆ. ಕೋರ್ಟಿನ ಆದೇಶಕ್ಕೂ ಅಷ್ಟು ಮರ್ಯಾದೆ ಇಲ್ಲ ಎಂದೇ ನಾನು ತಿಳಿದಿದ್ದೆ.

ರೈಲಿನಲ್ಲಿ ಮುಂಬೈ ಮುಟ್ಟಿದೆವು. ಹಡಗಿನ ಬಾಗಿಲ ತಪಾಸಣೆಯವರು ಮನೆಯ ಅಡುಗೆ ಒಳಗೆ ಬಿಡುವುದಿಲ್ಲ ಎಂದರು. ಚಿಗವ್ವ ವಾದ ಮಾಡಲಿಲ್ಲ. ಪಕ್ಕಕ್ಕೆ ಕೂತು ರೊಟ್ಟಿ ಬಿಚ್ಚಿ, ತಾನೂ ತಿಂದು, ಸಾಲಿನಲ್ಲಿದ್ದ ಗುಜರಾತಿ ಕುಟುಂಬಕ್ಕೂ ಹಿಂಡಿ ಹಚ್ಚಿ ಕೊಟ್ಟಳು. ಅವರು ಕಣ್ಣಲ್ಲಿ ನೀರು ತುಂಬಿಕೊಂಡೇ ಹಡಗು ಹತ್ತಿದರು.

ಒಳಗೆ ಹೋದವರೆಲ್ಲ ಸ್ವಾಗತದ ಶರಬತ್ತು ಕುಡಿಯುತ್ತಿದ್ದರೆ, ಚಿಗವ್ವ ಕೋಣೆಯನ್ನೂ ನೋಡದೆ ನೇರವಾಗಿ ಡೆಕ್ಕಿಗೆ ಏರಿದಳು. ಕಂಬಿಯ ಪಕ್ಕದ ನೀಲಿ ಕುರ್ಚಿ ಅಲ್ಲಿಯೇ ಇತ್ತು. ದೂರದಿಂದಲೇ ಟವೆಲ್ ಎಸೆದಳು. ಗುರಿ ತಪ್ಪಲಿಲ್ಲ. "ಆತು, ಈಗ ಊಟಕ್ಕ ನಡಿ" ಎಂದಳು.

ಊಟ ಮುಗಿಸಿ ಬಂದು ನೋಡಿದರೆ ಟವೆಲ್ ಇಲ್ಲ! ಕುರ್ಚಿಯಲ್ಲಿ ಕರಿ ಕನ್ನಡಕದ ದಢೂತಿ ಮನುಷ್ಯನೊಬ್ಬ ಚಡ್ಡಿ ಹಾಕಿಕೊಂಡು ಮಲಗಿದ್ದ. ಚಿಗವ್ವ ಜಗಳ ತೆಗೆಯುತ್ತಾಳೆ ಎಂದುಕೊಂಡಿದ್ದೆ. ಆಕೆಯ ಮುಖ ಬಿಳಿಚಿಹೋಯಿತು. ಅದನ್ನು ಕಂಡು ನನಗೆ ಹೆದರಿಕೆಯಾಯಿತು. ಆಮೇಲೆ ಜಗಳವೂ ಬಂತೆನ್ನಿ. ಅಲ್ಲಿ ಕೆಲಸಕ್ಕಿದ್ದ ಹುಡುಗಿಯನ್ನು ಹಿಡಿದು, "ಮೈ ಟವೆಲ್ ಡಾಲೀ ನಾ ಇಧರ್? ಕೌನ್ ಫೇಕೇ?" ಎಂದು, ತಾನು ಹಾಕಿದ ಟವೆಲ್ ಬಿಸಾಕಿದವರು ಯಾರೆಂದು ರಾಯಚೂರಿನ ಹಿಂದಿಯಲ್ಲಿ ಕೇಳಿದಳು. ಖಾಲಿ ಕುರ್ಚಿಯ ಮೇಲಿನ ಟವೆಲ್ ತೆಗೆಯುವುದು ಹಡಗಿನ ನಿಯಮವಂತೆ. ಸಾಮಾನಿಗೆ ಕಟ್ಟಲು ಕೊಟ್ಟಿದ್ದ ಕೋಣೆ ನಂಬರಿನ ಚೀಟಿಯನ್ನು ಚಿಗವ್ವ ಟವೆಲ್ಲಿಗೂ ಪಿನ್ನು ಮಾಡಿದ್ದರಿಂದ, ಅದನ್ನು ಕೋಣೆಗೇ ಮುಟ್ಟಿಸಿದ್ದರು.

ಕೋಣೆಗೆ ಹೋದರೆ ಹಾಸಿಗೆಯ ಮೇಲೆ ಕೆಂಪು ಚೌಕಳಿಯ ಆನೆಯೊಂದು ಕೂತಿತ್ತು. ಟವೆಲ್ ಮಡಚಿ ಪ್ರಾಣಿ ಮಾಡಿಡುವುದು ಹಡಗಿನವರ ಪದ್ಧತಿ.

"ನನ್ನ ಟವೆಲ್ಲಿಗೆ ಸೊಂಡಿ ಬಂದದಲ್ಲ ಬೇ" ಎಂದಳು ಚಿಗವ್ವ. ಬಾಗಿಲಲ್ಲಿ ನಗುತ್ತ ನಿಂತಿದ್ದ ಕೋಣೆಯ ಕೆಲಸದವನನ್ನು, ಮೇಲಿನಿಂದ ಇದನ್ನು ತಂದವರು ಯಾರು ಎಂದು ಕೇಳಿದಳು. ತಾನೇ ಎಂದ. ಯಾವುದರಿಂದ ಎತ್ತಿದೆ ಎಂದು ಕೇಳಿದಳು. ಇದೆಂಥ ಪ್ರಶ್ನೆ? ಅವನು ಕಕ್ಕಾಬಿಕ್ಕಿಯಾಗಿ ತನ್ನ ಎರಡೂ ಕೈ ತೋರಿಸಿದ. ಚಿಗವ್ವನ ಸಿಟ್ಟು ಅಲ್ಲಿಗೇ ಇಳಿಯಿತು. ಆನೆಯನ್ನು ಬಿಚ್ಚಲೂ ಇಲ್ಲ, ನನಗೆ ಬಿಚ್ಚಗೊಡಲೂ ಇಲ್ಲ.

ಮರುದಿನ ಬಿಳಿ ಬಟ್ಟೆಯ ಸಂಜೆ. ಬಿಳಿ ಸೀರೆ, ಬಿಳಿ ಕ್ಯಾನ್ವಾಸ್ ಬೂಟಿನಲ್ಲಿ ಚಿಗವ್ವ ಹಡಗಿನ ಸಭಾಂಗಣಕ್ಕೆ ಬಂದಾಗ ಮಂದಿ ಆಕೆಯ ಜೊತೆ ನಿಂತು ಫೋಟೊ ತೆಗೆಸಿಕೊಂಡರು. ಕುಣಿತ ಶುರುವಾದದ್ದೇ ಆಕೆ ಆನೆಯನ್ನು ಬಗಲಲ್ಲಿಟ್ಟುಕೊಂಡು ಡೆಕ್ಕಿಗೆ ಹೊರಟಳು. ನಾನೂ ಹಿಂದೆ ಹೋದೆ. ಗಾಳಿ ಜೋರಾಗಿತ್ತು, ಸೆರಗು ಹೇಳಿದ ಮಾತು ಕೇಳಿತು. ಎಲ್ಲರೂ ಒಳಗಿದ್ದುದರಿಂದ ಕುರ್ಚಿಗಳೆಲ್ಲ ಖಾಲಿ. ನಿನ್ನೆಯ ಹುಡುಗಿಯೇ ಬಂದು, ಟವೆಲ್ ಬೇಕಿಲ್ಲ ಆಂಟಿ, ಎಲ್ಲಿ ಬೇಕಾದರೂ ಕೂಡಿ, ಯಾರೂ ನಿಮ್ಮನ್ನು ಎಬ್ಬಿಸುವುದಿಲ್ಲ ಎಂದು ಹಿಂದಿಯಲ್ಲಿ ಹೇಳಿದಳು.

ಹಿಂದಿ ತಿಳಿದಿದ್ದರೂ ಚಿಗವ್ವ ನನ್ನ ಕಡೆ ತಿರುಗಿದಳು. "ಏನಂದ್ಲು? ನೀ ಹೇಳು."

"ಯಾರೂ ಏಳಸಂಗಿಲ್ಲಂತ ಚಿಗವ್ವಾ."

ಆಕೆ ಕಂಬಿಯ ಪಕ್ಕದ ಆ ನೀಲಿ ಕುರ್ಚಿಯಲ್ಲೇ ಕೂತಳು. ಕ್ಯಾನ್ವಾಸ್ ಬೂಟಿನ ಕಾಲು ಚಾಚಿ, ಆನೆಯನ್ನು ತೊಡೆಯ ಮೇಲಿಟ್ಟುಕೊಂಡಳು. ಸೂರ್ಯ ಮುಳುಗುತ್ತಿದ್ದ. ನೀರು ನೋಡುತ್ತಲೇ ಮಾತಾಡಿದಳು.

"ನಾ ಸಣ್ಣಾಕಿದ್ದಾಗ ದೇವದುರ್ಗಕ್ಕ ಸಾಲಿ ಕಲಿಯಾಕ ಹೋಗೋವಾಗ ಅಪ್ಪ ಟವೆಲ್ ಹಾಕ್ತಿದ್ದ ಬೇ. ಬಸ್ಸಿನ ಸಂಗಾಟ ಓಡಿ ಕಿಟಕ್ಯಾಗ ಒಗಿತಿದ್ದ. ನಮ್ಮ ಕೇರಿ ಟವೆಲ್ ಅಲ್ಲೇನು, ಊರ ಮಂದಿ ಕೈಲೆ ಮುಟ್ಟತಿದ್ದಿಲ್ಲ. ಬಡಿಗಿ ತುದಿಲೆ ಎತ್ತಿ ಹೊರಗ ಒಗಿಯೋರು. ನಾ ಕುಂತಿದ್ರ ಏಳು ಅನ್ನೋರು. ದೇವದುರ್ಗದ ತನಕ ನಿಂತ ಹೋಗತಿದ್ದೆ."

"ಅಜ್ಜ ಏನೂ ಅಂತಿದ್ದಿಲ್ಲೇನು?"

"ಟವೆಲ್ ಝಾಡಿಸಿ ಹೆಗಲ ಮ್ಯಾಲ ಹಾಕ್ಕೊಂಡು, ನಾಳಿ ಮತ್ತ ಹಾಕೂಣು ಮಗಳ ಅಂತಿದ್ದ. ನಾಳಿಗೆ ಮತ್ತ ಹಾಕ್ತಿದ್ದ."

ಟವೆಲ್ಲಿನ ಮರ್ಯಾದೆ ಅಂತ ಮೇಲೆ ಬರೆದೆನಲ್ಲ, ಅದು ಯಾರ ಟವೆಲ್ ಎಂಬುದರ ಮೇಲಿತ್ತು. ಚಿಗವ್ವ ಆನೆಯ ಸೊಂಡಿಲು ನೇವರಿಸುತ್ತ ಹಾಯಾಗಿ ಕೂತಿದ್ದಳು.

ಒಳಗಿನಿಂದ ಊಟದ ಕರೆ ಬಂತು. "ಏಳು ಚಿಗವ್ವಾ" ಎಂಬ ಮಾತು ನನ್ನ ತುಟಿಯವರೆಗೆ ಬಂದಿತ್ತು. ನುಂಗಿಕೊಂಡೆ. ಇನ್ನೊಂದು ಕುರ್ಚಿ ಎಳೆದುಕೊಂಡು ಆಕೆಯ ಪಕ್ಕ ಕೂತೆ.