ನಾಣಿಯ ಮಸ್ಕತ್ ಕಾಗದಕ್ಕೆ ನನ್ನ ತಪಾಸಣೆ

ನನ್ನ ಹೆಂಡತಿ ಭಾನುಮತಿಯ ತಮ್ಮ ನಾಣಿಗೆ ಮಸ್ಕತ್ತಿನಲ್ಲಿ ಕೆಲಸ ಸಿಕ್ಕಿದ ದಿನದಿಂದ ನನ್ನ ನಿದ್ದೆ ಹೋಯಿತು. ನಾಣಿ ಮಾತ್ರ ಚೆನ್ನಾಗಿ ಮಲಗುತ್ತಿದ್ದ. ಅದೂ ನಮ್ಮ ಮನೆಯಲ್ಲಿ, ನನ್ನ ಹಾಸಿಗೆಯ ಮೇಲೆ.

ಪೀಣ್ಯದ ಒಂದು ಕಾರ್ಖಾನೆಯಲ್ಲಿ ನಾನು ಇನ್‌ಸ್ಪೆಕ್ಷನ್ ವಿಭಾಗದ ಮುಖ್ಯಸ್ಥ. (ವಿಭಾಗದಲ್ಲಿ ಇರುವವನು ನಾನೊಬ್ಬನೇ.) ಲೇತ್ ಯಂತ್ರದಿಂದ ಬಂದ ಪೀಸುಗಳನ್ನು ಅಳೆದು, ಸರಿಯಿದ್ದರೆ ಸಹಿ ಹಾಕುವುದು ಹನ್ನೊಂದು ವರ್ಷಗಳಿಂದ ನನ್ನ ಕಾಯಕ. ನೂರು ಪೀಸಿನ ಲಾಟಿನಲ್ಲಿ ಐದನ್ನು ಅಳೆಯುತ್ತೇನೆ. ಐದರಲ್ಲಿ ಒಂದು ಕೆಟ್ಟಿದ್ದರೂ ನೂರನ್ನೂ ಅಳೆಯಬೇಕು. ಈ ನಿಯಮ ತಂದವನು ನಾನೇ. ನಾಣಿ ಅದೇ ಕಾರ್ಖಾನೆಯಲ್ಲಿ ಲೇತ್ ನಡೆಸುವ ಟರ್ನರ್ ಆಗಿದ್ದ. ಅವನ ಮಸ್ಕತ್ ಅರ್ಜಿಗೆ ಅನುಭವ ಪತ್ರ ಬರೆದುಕೊಟ್ಟವನೂ ನಾನೇ.

ಇದು ಎಂಬತ್ನಾಲ್ಕನೇ ಇಸವಿ. ನಮ್ಮ ಬೀದಿಯ ಚಿಕ್ಕಬೈರಪ್ಪನ ಅಳಿಯ ದುಬೈಗೆಂದು ಹೊರಟು, ಬೊಂಬಾಯಿಯಲ್ಲಿ ವಿಮಾನವನ್ನು ಹೊರಗಿನಿಂದ ನೋಡಿಕೊಂಡು ವಾಪಸಾಗಿದ್ದ. ಅವನ ವೀಸಾ ನಕಲಿ. ಅಂದಿನಿಂದ ಭಾನುಮತಿಗೆ ಅನ್ನ ಇಳಿಯಲಿಲ್ಲ.

"ರೀ, ಕಬ್ಬಿಣದಲ್ಲಿ ಕೂದಲೆಳೆ ಹೆಚ್ಚುಕಮ್ಮಿ ಆದ್ರೂ ಕಂಡುಹಿಡೀತೀರಲ್ಲ. ನಾಣಿಯ ಈ ವೀಸಾ ಕಾಗದ ಅಸಲಿಯೋ ನಕಲಿಯೋ ನೋಡಿ ಹೇಳ್ಬಾರ್ದಾ?"

"ಪೀಸಿಗೆ ಅಳತೆ ಬರೆದ ಡ್ರಾಯಿಂಗ್ ಇರತ್ತೆ ಭಾನು. ಇದಕ್ಕೆ ಏನಿದೆ? ಯಾವುದಕ್ಕೆ ಹೋಲಿಸಿ ನೋಡ್ಲಿ?"

"ನಂಗೊತ್ತಿಲ್ಲ. ಅವನು ಇಪ್ಪತ್ತೆಂಟನೇ ತಾರೀಕಿಗೆ ಹೊರಡ್ತಾನೆ. ರಾಜೀನಾಮೆ ಬರೆದುಕೊಟ್ಟಾಗಿದೆ. ಆಮೇಲೆ ಇದು ಸುಳ್ಳು ಅಂತಾದ್ರೆ ನನ್ ತಮ್ಮ ಎಲ್ಲಿರ್ಬೇಕು?"

(ಎಲ್ಲಿರುತ್ತಾನೆ ಎಂಬುದು ನನಗೆ ತಿಳಿದಿತ್ತು. ನನ್ನ ಕಳವಳದ ಅರ್ಧ ಅದೇ.)

ಭಾನುವಾರ ಭೂತಗನ್ನಡಿ ಹಿಡಿದು ಕುಳಿತೆ. ವೀಸಾ ಅರಬ್ಬಿಯಲ್ಲಿತ್ತು. ಅರ್ಧ ಗಂಟೆ ಸೂಕ್ಷ್ಮವಾಗಿ ಪರಿಶೀಲಿಸಿದೆ.

"ಭಾವ, ಉಲ್ಟಾ ಹಿಡ್ಕೊಂಡಿದೀರ" ಎಂದ ನಾಣಿ.

ತಿರುಗಿಸಿದೆ. ಮೊಹರು ಸೊಟ್ಟಗಿತ್ತು.

"ಒಂದು ಪೀಸ್ ಕೆಟ್ಟಿದೆ. ಇಡೀ ಲಾಟ್ ನೋಡ್ಬೇಕು."

ವೀಸಾ ತರಿಸಿಕೊಟ್ಟ ಏಜೆಂಟನ ಬಳಿ ಹೋದರೆ ಅವನು, "ಅನುಮಾನ ಇದ್ರೆ ಕಂಪನೀನೇ ಕೇಳಿ ಸಾರ್" ಎಂದ. ಅಸಲಿ ಏಜೆಂಟ್ ಹೀಗೆ ಹೇಳುತ್ತಾನೆ. ಪಳಗಿದ ನಕಲಿ ಏಜೆಂಟೂ ಹೀಗೇ ಹೇಳುತ್ತಾನೆ. ಕಾಗದದಲ್ಲಿದ್ದ ವಿಳಾಸವನ್ನು ನಂಬದೆ, ಗ್ರಂಥಾಲಯದ ವಾಣಿಜ್ಯ ಡೈರೆಕ್ಟರಿಯಲ್ಲಿ ಆ ಕಂಪನಿಯ ವಿಳಾಸ ಹುಡುಕಿ ತಂತಿ ಕಳಿಸಿದೆ: "ನಾಣಿಗೆ ನೀವು ಕಳಿಸಿದ ಕಾಗದಗಳು ಅಸಲಿಯೇ? ತಿಳಿಸಿ. ಶ್ಯಾಮಣ್ಣ, ಇನ್‌ಸ್ಪೆಕ್ಷನ್ ಮುಖ್ಯಸ್ಥ." ತೂಕವಿರಲಿ ಎಂದು ಕಾರ್ಖಾನೆಯ ವಿಳಾಸವನ್ನೇ ಕೊಟ್ಟೆ.

ಹತ್ತು ದಿನ ಉತ್ತರವಿಲ್ಲ. ಅಂಚೆಯವನ ಸೈಕಲ್ ಬೆಲ್ ಕೇಳಿದರೆ ಮೈಕ್ರೊಮೀಟರ್ ಕೆಳಗಿಟ್ಟು ಬಾಗಿಲಿಗೆ ಓಡುತ್ತಿದ್ದೆ. ಹನ್ನೊಂದನೇ ದಿನ ಮಾಲೀಕರಾದ ಲಕ್ಷ್ಮಣಪ್ಪನವರು ಒಳಗೆ ಕರೆದರು. ಮಸ್ಕತ್ತಿನ ಪತ್ರ ಅವರ ಕೈಯಲ್ಲಿತ್ತು. ನಿಧಾನವಾಗಿ ಓದಿ ಹೇಳಿದರು.

"ಕೆಲಸವೂ ವೀಸಾವೂ ನಮ್ಮವೇ ಅಂತ ಬರೆದಿದಾರೆ. ನಿಮ್ಮ ಎಚ್ಚರಿಕೇನ ಮೆಚ್ಕೊಂಡಿದಾರೆ."

ನಾನು ಕೈಮುಗಿದು ಹೊರಡಲು ತಿರುಗಿದೆ.

"ನಿಮ್ಮನ್ನ ನೋಡಿ ಅವ್ರಿಗೂ ಎಚ್ಚರಿಕೆ ಬಂದಿದೆ. ನಾಣಿಯ ಅನುಭವ ಪತ್ರ ಅಸಲಿಯೇ ಅಂತ ನನ್ನನ್ನ ಕೇಳಿದಾರೆ. ಅದರ ಪ್ರತೀನೂ ಇಟ್ಟಿದಾರೆ. ಅವನು ನಮ್ಮಲ್ಲಿಗೆ ಬಂದು ಎಷ್ಟು ವರ್ಷ ಆಯ್ತು ಶ್ಯಾಮಣ್ಣ?"

"ಒಂದೂವರೆ ಸಾರ್."

"ಇಲ್ಲಿ ಐದು ಅಂತಿದೆ. ಸಹಿ ನಿಮ್ದೇನಾ? ಭೂತಗನ್ನಡಿ ಬೇಕಾ?"

ಬೇಡವೆಂದೆ. 'ಐದು ಅಂತ ಬರೀರಿ, ನಿಮ್ಮ ಕೈ ಸವೆಯತ್ತಾ' ಎಂದ ಭಾನುಮತಿಯ ಹೆಸರನ್ನು ಅಲ್ಲಿ ಎತ್ತುವಂತಿರಲಿಲ್ಲ. ಲಕ್ಷ್ಮಣಪ್ಪನವರು ನನ್ನೆದುರೇ ಒಂದೂವರೆ ವರ್ಷವೆಂದು ಬರೆದು ತಂತಿ ಕಳಿಸಿದರು.

"ಸುಮ್ನೆ ಇದ್ದಿದ್ರೆ ಅವನು ಹೋಗ್ತಿದ್ದ" ಎಂದಳು ಭಾನುಮತಿ. ಆಮೇಲೆ ನಾಲ್ಕು ದಿನ ಮನೆಯಲ್ಲಿ ತಟ್ಟೆ, ಲೋಟ, ಸೌಟುಗಳೇ ಮಾತಾಡಿದವು. ನಾಣಿ ಮೊದಲ ಬಾರಿಗೆ ನಿದ್ದೆಗೆಟ್ಟ. ಹಾಸಿಗೆಯನ್ನು ಮಾತ್ರ ಬಿಡಲಿಲ್ಲ.

ಐದನೇ ದಿನ ಮಸ್ಕತ್ತಿನಿಂದ ತಂತಿ ಬಂತು: "ನಾವು ಕೇಳಿದ್ದು ಒಂದು ವರ್ಷದ ಅನುಭವ. ಬರಲಿ." ಪತ್ರಿಕೆಯಿಂದ ಕತ್ತರಿಸಿಟ್ಟಿದ್ದ ಆ ಕೆಲಸದ ಜಾಹೀರಾತನ್ನು ಅಂದು ನಾವು ಮೂವರೂ ಮೊದಲ ಸಲ ಪೂರ್ತಿ ಓದಿದೆವು.

ನಾಣಿ ಇಪ್ಪತ್ತೆಂಟಕ್ಕೆ ಹಾರಿದ. ಮಾರನೆಯ ದಿನ ಲಕ್ಷ್ಮಣಪ್ಪನವರು ಮತ್ತೆ ಕರೆದರು.

"ಐದರಲ್ಲಿ ಒಂದು ಕೆಟ್ಟಿದ್ರೆ ಇಡೀ ಲಾಟ್. ನಿಮ್ದೇ ರೂಲು, ಅಲ್ವಾ ಶ್ಯಾಮಣ್ಣ? ನಿಮ್ಮ ಸಹಿ ಒಂದು ಕೆಟ್ಟಿದೆ."

ಈಗ ದಿನವೂ ಕೆಲಸ ಮುಗಿದ ಮೇಲೆ ಸ್ಟೋರಿನಲ್ಲಿ ಕುಳಿತು, ಹನ್ನೊಂದು ವರ್ಷಗಳಿಂದ ನಾನು ಸಹಿ ಮಾಡಿದ ರಿಜಿಸ್ಟರುಗಳನ್ನು, ಎತ್ತಿಟ್ಟ ಸ್ಯಾಂಪಲ್ ಪೀಸುಗಳೊಡನೆ ಮತ್ತೆ ಪರೀಕ್ಷಿಸುತ್ತಿದ್ದೇನೆ. ಎರಡನೇ ವರ್ಷದ ರಿಜಿಸ್ಟರಿಗೆ ಬಂದಿದ್ದೇನೆ. ನನ್ನ ಮೇಲೊಂದು ಕಣ್ಣಿರಲೆಂದು ಟರ್ನರ್ ಆವಲಪ್ಪನನ್ನು ಪಕ್ಕದಲ್ಲಿ ಕೂರಿಸಿದ್ದಾರೆ. ಕಾರ್ಖಾನೆಯಲ್ಲಿ ನಾನು ಅತಿ ಹೆಚ್ಚು ಪೀಸು ತಿರಸ್ಕರಿಸಿದ್ದು ಅವನದೇ. ನನ್ನ ಭೂತಗನ್ನಡಿ ಈಗ ಅವನ ಕೈಯಲ್ಲಿದೆ.

"ಈ ಸಯಿ ವಸಿ ಸೊಟ್ಟಗೈತಲ್ಲ ಸಾರ್" ಎಂದ ನಿನ್ನೆ, ಬಹಳ ಹೊತ್ತು ನೋಡಿ. "ಈ ಪುಸ್ತಕ ಪೂರ್ತಿ ಮೊದ್ಲಿಂದ ನೋಡ್ಬೇಕಾಯ್ತದೆ."